ಮ್ಯೂಚುಯಲ್ ಅಂದರೆ ತಪ್ಪೊಪ್ಪಿಗೆ ಅಲ್ಲ ಸ್ವಾಮಿ

ನಿನ್ನೆ ಒಂದು ಗೃಹಪ್ರವೇಶದ ಊಟದಲ್ಲಿ ಪಾಯಸ ಬಡಿಸುವ ಹೊತ್ತಿಗೆ, ಪಕ್ಕದ ಎಲೆಯ ಹಿರಿಯರು ನಮ್ಮ ಸಂಬಂಧದ ಹುಡುಗಿಯೊಬ್ಬಳ ಬಗ್ಗೆ ತೀರ್ಪು ಕೊಟ್ಟರು. "ಮ್ಯೂಚುಯಲ್ ಡೈವೋರ್ಸಿಗೆ ಹಾಕಿದ್ದಾಳಂತೆ. ಅಂದ್ಮೇಲೆ ಇವಳದೂ ಏನೋ ಇರಬೇಕು. ತಪ್ಪಿಲ್ಲದೋಳಾಗಿದ್ರೆ ಕೇಸ್ ಆಡ್ತಿದ್ದಳು." ಅಲ್ಲಿ ಬಾಯಿ ಬಿಟ್ಟಿದ್ದರೆ ಮನೆಯವರ ಹೋಮದ ಪುಣ್ಯವೆಲ್ಲ ಹೋಗುತ್ತಿತ್ತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹಿಂದೂ ವಿವಾಹ ಕಾಯ್ದೆಯ 13ನೇ ಸೆಕ್ಷನ್ ಕೆಳಗೆ ಹೋದರೆ ಸಾಮಾನ್ಯವಾಗಿ ಎದುರಿನವರ ತಪ್ಪು ತೋರಿಸಬೇಕು. ಕ್ರೌರ್ಯ, ವ್ಯಭಿಚಾರ, ಎರಡು ವರ್ಷ ಬಿಟ್ಟುಹೋಗಿದ್ದು, ಹೀಗೆ. 1976ರಲ್ಲಿ ಇಬ್ಬರೂ ಒಪ್ಪಿ ಬೇರೆಯಾಗುವ ಮ್ಯೂಚುಯಲ್ ಡೈವೋರ್ಸಿಗೆ 13ಬಿ ಸೇರಿಸಿದರು. ಒಂದು ವರ್ಷವಾದರೂ ಬೇರೆ ಇದ್ದೇವೆ, ಒಟ್ಟಿಗೆ ಬಾಳಲು ಆಗುತ್ತಿಲ್ಲ, ಇಬ್ಬರಿಗೂ ಒಪ್ಪಿಗೆ ಇದೆ. ಇಷ್ಟು ಸಾಕು. ತಪ್ಪು ಯಾರದು ಅಂತ ಕಾನೂನೇ ಕೇಳುವುದಿಲ್ಲ. ಕೋರ್ಟು ಕೇಳದ ಪ್ರಶ್ನೆಯನ್ನು ನೀವು ಎಲೆ ಮುಂದೆ ಕೂತು ಕೇಳ್ತೀರಲ್ಲ!

ತಪ್ಪಿಲ್ಲದವರು ಕೇಸ್ ಆಡ್ತಾರಾ? ನನ್ನ ಡೈವೋರ್ಸ್ ಕೇಸಿನ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತೇ ಇದೆ. ಆಕ್ಷೇಪಣೆ, ಚೀಫ್ (ನಮ್ಮ ಕಡೆಯ ಹೇಳಿಕೆ), ಕ್ರಾಸ್ (ಎದುರು ವಕೀಲರ ಪಾಟೀಸವಾಲು), ವಾಯಿದೆ, ಮತ್ತೆ ವಾಯಿದೆ. ನಾನು ಯಾವತ್ತೋ ಕಳಿಸಿದ್ದ "ಸಾರು ಫ್ರಿಜ್ಜಲ್ಲಿದೆ, ಬಿಸಿ ಮಾಡ್ಕೊಳ್ಳಿ" ಅನ್ನೋ ವಾಟ್ಸಾಪ್ ಮೆಸೇಜನ್ನು ಪ್ರಿಂಟ್ ಹಾಕಿಸಿ, ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಬೇಕಿದ್ದ 65ಬಿ ಸರ್ಟಿಫಿಕೇಟ್ ಲಗತ್ತಿಸಿ, ನನ್ನ ಕ್ರೌರ್ಯಕ್ಕೆ ಸಾಕ್ಷಿ ಅಂತ ಎದುರು ಪಕ್ಷದವರು ಹಾಜರುಪಡಿಸಿದರು. ಕ್ರಾಸ್‌ನಲ್ಲಿ ಅವರ ವಕೀಲರ ಪ್ರಶ್ನೆ: "ಸಾರು ಅವತ್ತಿನದೋ, ಹಿಂದಿನ ದಿನದ್ದೋ?" ಕಟಕಟೆಯಲ್ಲಿ ನಿಂತು ನಾನು ನಿಜಕ್ಕೂ ಯೋಚನೆ ಮಾಡಿದೆ. ಹಿಂದಿನ ದಿನದ್ದೇ. ಹುರುಳಿ ಸಾರು ಮಾರನೇ ದಿನವೇ ಅಲ್ವಾ ರುಚಿ? ಇದು ನೀವು ಹೇಳುವ ಮರ್ಯಾದೆಯ ದಾರಿ.

ಇನ್ನೊಂದು ಹೇಳಿಬಿಡುತ್ತೇನೆ, ಮನೆಯವರನ್ನು ಬಿಟ್ಟು ಯಾರಿಗೂ ಹೇಳಿರಲಿಲ್ಲ. ಅಷ್ಟೆಲ್ಲ ಆದ ಮೇಲೆ ನಮ್ಮದು ಮುಗಿದದ್ದು ಮೀಡಿಯೇಷನ್ (ಸಂಧಾನ) ರೂಮಿನಲ್ಲಿ, ಅದೇ 13ಬಿ ಕೆಳಗೆ. ಕಾಂಟೆಸ್ಟೆಡ್, ಅಂದರೆ ಒಬ್ಬರ ಮೇಲೊಬ್ಬರು ಹೋರಾಡುವ ಕೇಸು ಅಂತ ಶುರುವಾದ ಎಷ್ಟೋ ಕೇಸುಗಳು ಹೀಗೇ ಮುಗಿಯುತ್ತವೆ. ಹೋರಾಡಿ ಗೆದ್ದೆ ಅಂತ ನನ್ನ ಬೆನ್ನು ತಟ್ಟಿದ್ದವರು ದಯವಿಟ್ಟು ಅದನ್ನು ವಾಪಸ್ ತಗೊಳ್ಳಿ.

"ಹಾಗಾದ್ರೆ ಹೊಡೆಯೋನ ಜೊತೆಗೂ ರಾಜಿನಾ?" ಅಂತ ಕಾಮೆಂಟ್ ಬರುತ್ತೆ, ಗೊತ್ತು. ಇಲ್ಲಪ್ಪ. ಎದುರಿನವರು ಸಹಿ ಹಾಕದೆ ಸತಾಯಿಸಿದರೆ, ಸಂಬಳ ಮುಚ್ಚಿಟ್ಟರೆ, ಮಗುವಿನ ಮುಖ ತೋರಿಸದಿದ್ದರೆ ಕೇಸ್ ನಡೆಸಲೇಬೇಕು. ಸಂಬಂಧ ಸತ್ತಿದೆ ಅಂದರಷ್ಟೇ ಫ್ಯಾಮಿಲಿ ಕೋರ್ಟಿಗೆ ಸಾಲದು. ಲಾ ಕಮಿಷನ್ 1978ರಲ್ಲೇ ಇದನ್ನೂ ಡೈವೋರ್ಸಿಗೆ ಕಾರಣ ಅಂತ ಕಾಯ್ದೆಗೆ ಸೇರಿಸಿ ಅಂದಿತ್ತು, ಸೇರಲಿಲ್ಲ. ಸಂವಿಧಾನದ 142ನೇ ವಿಧಿಯ ವಿಶೇಷ ಅಧಿಕಾರ ಬಳಸಿ ಸುಪ್ರೀಂ ಕೋರ್ಟ್ ಅಂಥ ಮದುವೆ ಮುರಿಯಬಹುದು ಅಂತ 2023ರಲ್ಲಿ ಸಂವಿಧಾನ ಪೀಠ ಹೇಳಿತು. ಅಲ್ಲಿವರೆಗೆ ಹೋಗೋ ತ್ರಾಣ ಎಷ್ಟು ಜನಕ್ಕಿದೆ? ಗತಿಯಿಲ್ಲದವರು ತಪ್ಪು ಹುಡುಕುತ್ತಾರೆ. ಅವರಿಗೆ ಬೇರೆ ದಾರಿ ಇಲ್ಲ, ಅಷ್ಟೇ. ಅದನ್ನು ಹಿಡಿದು ಸಹಿ ಹಾಕಿದವಳ ನಡತೆ ಅಳೆಯಬೇಡಿ.

ಮ್ಯೂಚುಯಲ್ ಏನು, ಎರಡು ಸಹಿ ಅಂತೀರಾ? ಮೊದಲ ಮೋಷನ್ (ಇಬ್ಬರೂ ಸೇರಿ ಕೋರ್ಟಿಗೆ ಕೊಡುವ ಮೊದಲ ಅರ್ಜಿ) ಆದ ಮೇಲೆ ಆರು ತಿಂಗಳು ಕಾಯಬೇಕು. 2017ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಕೆಲವರಿಗೆ ವಿನಾಯಿತಿ ಸಿಗುತ್ತೆ, ಎಲ್ಲರಿಗೂ ಅಲ್ಲ. ಒಡವೆ, ಪಾತ್ರೆ, ಮಗುವಿನ ಭಾನುವಾರ ಎಲ್ಲ ಪಟ್ಟಿ ಮಾಡಿ ಹಂಚಿಕೊಂಡ ಮೇಲೂ, ಡಿಕ್ರಿ ಆಗುವ ತನಕ ಇಬ್ಬರಲ್ಲಿ ಯಾರಾದರೂ ಒಲ್ಲೆ ಅನ್ನಬಹುದು. ವಕೀಲರ ಫೋನ್ ಬಂದರೆ ಸಾಕು, ಎದೆ ಧಸಕ್ಕೆನ್ನುತ್ತೆ. ಆ ಹುಡುಗಿ ಈಗ ಆ ತಿಂಗಳುಗಳಲ್ಲಿದ್ದಾಳೆ. ಅವಳಿಗೆ ಫೋನ್ ಮಾಡಿ "ಇನ್ನೊಂದ್ಸಲ ಯೋಚನೆ ಮಾಡಮ್ಮ" ಅನ್ನಬೇಕು ಅನಿಸಿದವರು ಮೊದಲು ನನಗೆ ಮಾಡಿ. ನಂಬರ್ ಅದೇ ಇದೆ.