ಗೋಡೆಯ ಕೊಳೆ-ಕಲೆಯನ್ನು ಫೋಟೊದಲ್ಲಿ ಅಳಿಸಬಹುದಾ?

ಪರ: ಒರೆಸಿದರೆ ತಪ್ಪೇನು?

ದಸರಾ ಹತ್ತಿರ ಬಂದಾಗ ಮೈಸೂರಿನ ಹಳೇ ಕಟ್ಟಡಗಳ ಫೋಟೊ ತೆಗೆದುಕೊಡಿ ಅಂತ ಕರೆ ಬರುತ್ತದೆ. ಹೋಗಿ ನೋಡಿದರೆ ಕಂಬದ ಬುಡದಲ್ಲಿ ಎಲೆಅಡಿಕೆ ಉಗುಳು, ಕಮಾನಿನ ಮೇಲೆ ಪಾರಿವಾಳದ ಹಿಕ್ಕೆ, ಅರ್ಧ ಹರಿದ ಪೋಸ್ಟರ್. ಕಟ್ಟಿದವರು ಇವನ್ನೆಲ್ಲ ಇಟ್ಟಿದ್ದರೇ? ಒಂದು ಬಕೆಟ್ ನೀರು ಸುರಿದು ತಿಕ್ಕಿದರೆ ಹೋಗುವಂಥವು. ಆ ಕೆಲಸವನ್ನೇ ನಾನು ಮೌಸ್ ಹಿಡಿದು ಮಾಡುತ್ತೇನೆ.

ಎದುರಿಗೆ ನಿಂತಾಗ ಕಣ್ಣು ಕಲೆಯನ್ನು ದಾಟಿ ಮುಂದೆ ಹೋಗುತ್ತದೆ. ಫೋಟೊದಲ್ಲಿ ಹಾಗಲ್ಲ. ಲಲಿತ ಮಹಲ್‌ನಂಥ ಬಿಳಿ ಕಟ್ಟಡದಲ್ಲಿ ಒಂದು ಕಪ್ಪು ಮಚ್ಚೆ ಸಾಕು, ನೋಡುವವರ ಗಮನ ಅಲ್ಲೇ ಕೂತುಬಿಡುತ್ತದೆ.

ಫೋಟೊಶಾಪ್‌ಗೆ ಕಲೆ ಅಳಿಸುವ ಹೀಲಿಂಗ್ ಬ್ರಷ್ ಬಂದದ್ದು 2002ರಲ್ಲಿ. ಅದಕ್ಕೂ ಎಷ್ಟೋ ಮೊದಲೇ ಸ್ಟುಡಿಯೊದವರು ನೆಗೆಟಿವ್ ಮೇಲೆ ಪೆನ್ಸಿಲ್‌ನಲ್ಲಿ ತಿದ್ದುತ್ತಿದ್ದರು. ಅಷ್ಟೇಕೆ, ಭಾನುವಾರ ಸಂಜೆ ಅರಮನೆಗೆ ಸುಮಾರು 1 ಲಕ್ಷ ಬಲ್ಬು ಹತ್ತಿದಾಗ ಗೋಡೆಯ ಕಲೆ ಯಾರಿಗೆ ಕಾಣುತ್ತದೆ? ಅದನ್ನು ಸುಳ್ಳು ಅಂತ ಯಾರೂ ಬೈಯುವುದಿಲ್ಲ.

ವಿರೋಧ: ಆ ಕಪ್ಪು ಗೆರೆ ಎಲ್ಲಿಂದ ಬಂತು?

ಉಗುಳು, ಪೋಸ್ಟರ್ ಅಳಿಸಿಕೊಳ್ಳಲಿ, ನನ್ನ ತಕರಾರಿಲ್ಲ. ಆದರೆ ಕೈ ಅಲ್ಲಿಗೇ ನಿಲ್ಲುವುದಿಲ್ಲ, ಅಲ್ವಾ? ಸೂರಿನಿಂದ ಇಳಿದ ಕಪ್ಪು ಗೆರೆಯೂ ಹೋಗುತ್ತದೆ. ಬಿರುಕಿನಲ್ಲಿ ಹುಟ್ಟಿದ ಅರಳಿ ಸಸಿಯೂ ಹೋಗುತ್ತದೆ.

ಸುಣ್ಣದ ಗಾರೆ ಮಳೆಯಲ್ಲಿ ನೀರು ಕುಡಿಯುತ್ತದೆ, ಬಿಸಿಲಿಗೆ ಬಿಡುತ್ತದೆ. ಮಳೆನೀರಿನ ಕೊಳವೆ ಕಟ್ಟಿಕೊಂಡರೆ ಒಂದು ಜಾಗ ಮಾತ್ರ ಒಣಗುವುದೇ ಇಲ್ಲ. ಅಲ್ಲಿ ಪಾಚಿ ಕಟ್ಟಿ ಕಪ್ಪಾಗುತ್ತದೆ. ಗೋಡೆಯ ಬುಡದಲ್ಲಿ ಬಿಳಿ ಪುಡಿ ಎದ್ದಿದ್ದರೆ ನೆಲದ ತೇವ ಮೇಲೇರಿ ಉಪ್ಪು ಬಿಟ್ಟುಹೋಗಿದೆ ಎಂದರ್ಥ. ಅದರ ಮೇಲೆ ಸಿಮೆಂಟ್ ಬಳಿದರೆ ಕಲೆ ಮುಚ್ಚುತ್ತದೆ, ತೇವ ಒಳಗೇ ಉಳಿಯುತ್ತದೆ. ಫೋಟೊ ತಿದ್ದುವವರೂ ಮಾಡುವುದು ಅದೇ, ಸಿಮೆಂಟಿನ ಖರ್ಚು ಮಾತ್ರ ಇಲ್ಲ.

ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದದ್ದು 2012ರ ಆಗಸ್ಟ್‌ನಲ್ಲಿ. ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರ ಆಗಸ್ಟ್‌ನಲ್ಲಿ. ಆಮೇಲೆ ಶುರುವಾಯಿತು, ಕೆಡವಬೇಕೋ ದುರಸ್ತಿ ಮಾಡಬೇಕೋ ಎಂಬ ಜಗಳ. ಇಂಥ ಹೊತ್ತಿನಲ್ಲಿ ಹಳೇ ಫೋಟೊ ಬೇಕಾಗುತ್ತದೆ. ಈ ಬಿರುಕು ಆಗಲೇ ಇತ್ತಾ, ತೇವ ಎಲ್ಲಿಯವರೆಗೆ ಏರಿತ್ತು? ಕ್ಯಾಲೆಂಡರ್‌ಗೆ ಅಂತ ತಿದ್ದಿದ ಫೋಟೊ ಏನೂ ಇರಲೇ ಇಲ್ಲ ಅನ್ನುತ್ತದೆ. ತಿದ್ದಿದ್ದೇವೆ ಅಂತ ಅದರ ಹಿಂದೆ ಯಾರೂ ಬರೆದಿಟ್ಟಿರುವುದಿಲ್ಲ. ಇನ್ನು ಅರಮನೆಯ ಬಲ್ಬಿನ ಮಾತು: ಅದನ್ನು ಆರಿಸಿದರೆ ಗೋಡೆ ಮತ್ತೆ ಕಾಣುತ್ತದೆ.

ನಾನೂ ಒಮ್ಮೆ ಇದರಲ್ಲಿ ಬಿದ್ದವನೇ. ಅಗ್ರಹಾರದ ಕಡೆ ಒಂದು ಹಳೇ ಮನೆ, ಬಾಡಿಗೆಗೆ. ಫೋಟೊದಲ್ಲಿ ರೂಮಿನ ಗೋಡೆ ಹಾಲಿನಂತಿತ್ತು. ಊರಲ್ಲಿರಲಿಲ್ಲ, ಫೋಟೊ ನಂಬಿಯೇ ಅಡ್ವಾನ್ಸ್ ಕಳಿಸಿದೆ. ಆಷಾಢದಲ್ಲಿ ಬಂದು ಬೀರು ಇಡಲು ಹೋದರೆ ಗೋಡೆ ಎದೆ ಮಟ್ಟದವರೆಗೆ ಒದ್ದೆ. ತಿದ್ದುವ ಮುಂಚಿನ ಫೋಟೊ ಇದ್ದರೆ ತೋರಿಸಿ ಅಂದೆ. ಡಿಲೀಟ್ ಆಗಿದೆ ಸಾರ್, ಅಂದರು.