ಬಿ.ಪಿ. 190 ದಾಟಿದೆ, ತೊಂದರೆ ಏನೂ ಇಲ್ಲ: ಇಂದೇ ಆಸ್ಪತ್ರೆಗೆ ಕಳಿಸಬೇಕೆ?

ಮುಂಬೈಯ ಮಾಟುಂಗಾದ ಹೋಟೆಲೊಂದರ ಅಡುಗೆಮನೆಯಲ್ಲಿ ಇಪ್ಪತ್ತೈದು ವರ್ಷ ದುಡಿದ, ಕುಂದಾಪುರ ಕಡೆಯ ಐವತ್ತರ ಕಾರ್ಮಿಕನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಮೊಣಕಾಲು ನೋವಿಗೆ ಗುಳಿಗೆ ಕೇಳಲು ಸಂಜೆ ಏಳಕ್ಕೆ ಓಣಿಯ ಕುಟುಂಬ ವೈದ್ಯರ ದವಾಖಾನೆಗೆ ಬಂದಿದ್ದಾನೆ. ರಕ್ತದೊತ್ತಡ 194/116 ಇದೆ. ಎದೆನೋವಿಲ್ಲ, ಏದುಸಿರಿಲ್ಲ, ಮಾತು ತೊದಲುತ್ತಿಲ್ಲ, ಕೈಕಾಲಿನ ಬಲ ಕುಂದಿಲ್ಲ. ಇವುಗಳಲ್ಲಿ ಒಂದು ಇದ್ದಿದ್ದರೂ, ಅಥವಾ ಗರ್ಭಿಣಿಯೊಬ್ಬಳ ಒತ್ತಡ 160/110 ಮುಟ್ಟಿದ್ದರೂ, ಚರ್ಚೆಗೆ ಎಡೆಯಿರಲಿಲ್ಲ. ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕಿತ್ತು. ಪ್ರಶ್ನೆಯಿರುವುದು, ‘ನನಗೇನೂ ಆಗಿಲ್ಲ ಡಾಕ್ಟ್ರೇ’ ಎನ್ನುವ ಈ ಮನುಷ್ಯನ ಬಗ್ಗೆ.

ಪರ: ಅಂದೇ ಕಳಿಸಬೇಕು

‘ಏನೂ ಆಗಿಲ್ಲ’ ಎಂಬ ಮಾತನ್ನು ನಾವು ತೀರ ಸುಲಭವಾಗಿ ನಂಬುತ್ತೇವೆ. ದಿನವಿಡೀ ಒಲೆಯ ಮುಂದೆ ನಿಲ್ಲುವವನಿಗೆ ತಲೆನೋವು, ದಣಿವು, ಕಣ್ಣು ಮಂಜಾಗುವುದು ಕೆಲಸದ ಭಾಗವೇ ಆಗಿಬಿಟ್ಟಿರುತ್ತದೆ. ಅವನ್ನು ರೋಗವೆಂದು ಹೇಳಿಕೊಳ್ಳಲು ಅವನಿಗೆ ತೋಚುವುದಿಲ್ಲ, ತೋಚಿದರೂ ಒಂದು ದಿನದ ಸಂಬಳ ಹೋದೀತೆಂಬ ಅಂಜಿಕೆ ಬಾಯಿ ಕಟ್ಟುತ್ತದೆ. ಅದಕ್ಕಿಂತ ಮುಖ್ಯವಾಗಿ, ಮೂತ್ರಪಿಂಡಗಳು ಸೋಲುವಾಗ ನೋಯುವುದಿಲ್ಲ. ಕಣ್ಣಿನ ಒಳಪದರದಲ್ಲಿ ರಕ್ತ ಜಿನುಗಿದ್ದರೂ ನೋಟ ಕೆಡುವವರೆಗೆ ರೋಗಿಗೆ ಅದರ ಸುಳಿವು ಸಿಗದಿರಬಹುದು. ಇಸಿಜಿ, ಮೂತ್ರಪಿಂಡಗಳ ಸ್ಥಿತಿ ತಿಳಿಸುವ ರಕ್ತದ ಕ್ರಿಯೇಟಿನಿನ್, ಮೂತ್ರ ಪರೀಕ್ಷೆ ಮತ್ತು ಕಣ್ಣಿನ ಒಳಪದರದ ತಪಾಸಣೆ ಆಗದೆ ಅಂಗಗಳಿಗೆ ಹಾನಿಯಾಗಿಲ್ಲ ಎಂದು ಯಾವ ವೈದ್ಯರೂ ಹೇಳಲಾರರು, ಮತ್ತು ಈ ನಾಲ್ಕನ್ನೂ ಒಂದೇ ರಾತ್ರಿಯಲ್ಲಿ ಮಾಡಿ ಮುಗಿಸುವ ಅನುಕೂಲ ಒಂದು ಕೋಣೆಯ ದವಾಖಾನೆಗೆ ಇರುವುದಿಲ್ಲ. ಮಾಟುಂಗಾದಿಂದ ಸಾಯನ್ ಆಸ್ಪತ್ರೆಯಾಗಲಿ, ಪರೇಲಿನ ಕೆ.ಇ.ಎಂ. ಆಗಲಿ ದೂರವಿಲ್ಲ. ಇಷ್ಟು ಹತ್ತಿರ ನೆರವಿರುವಾಗ ಊಹೆಯ ಮೇಲೆ ಮನೆಗೆ ಕಳಿಸುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ಈ ಅಂಕಿಗಳ ಅಪಾಯ ನಮಗೆ ಹೊಸದೂ ಅಲ್ಲ. ಕೆಳಗಿನ ಒತ್ತಡ 115ರಿಂದ 129ರ ನಡುವೆ ಇದ್ದ 143 ಪುರುಷರ ಮೇಲೆ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳು ನಡೆಸಿದ ಅಧ್ಯಯನ 1967ರಲ್ಲಿ ಪ್ರಕಟವಾಯಿತು. ಔಷಧವಿಲ್ಲದ ಗುಳಿಗೆ ಪಡೆದವರಲ್ಲಿ 27 ಗಂಭೀರ ಅವಘಡಗಳಾದರೆ, ನಿಜವಾದ ಔಷಧ ಪಡೆದವರಲ್ಲಿ ಆದದ್ದು 2 ಮಾತ್ರ. ಔಷಧ ಸಿಗದೆ ಹೋಗುವುದೆಂದರೆ ಏನೆಂಬುದನ್ನು ಇದಕ್ಕಿಂತ ನಿಚ್ಚಳವಾಗಿ ಹೇಳುವ ಲೆಕ್ಕ ಕಡಿಮೆ.

ನಮ್ಮ ಕಾರ್ಮಿಕನಿಗೆ ಔಷಧ ತಪ್ಪುವ ದಾರಿಗಳು ಬಹಳ. ಇಂದು ಮಾಟುಂಗಾದಲ್ಲಿದ್ದವನು ಮುಂದಿನ ತಿಂಗಳು ಠಾಣೆಯ ಹೋಟೆಲಿನಲ್ಲಿರುತ್ತಾನೆ, ಮಳೆಗಾಲದಲ್ಲಿ ಊರಿನಲ್ಲಿರುತ್ತಾನೆ. ಮನೆಯವರು ಊರಲ್ಲೇ ಇರುವುದರಿಂದ ಗುಳಿಗೆ ನುಂಗಿದೆಯಾ ಎಂದು ಕೇಳುವವರಿಲ್ಲ. ಮನೆಗೆ ಕಳಿಸಿದರೂ ತೊಂದರೆಯಿಲ್ಲ ಎಂಬುದಕ್ಕೆ ಅಮೆರಿಕದ ಕ್ಲೀವ್‌ಲ್ಯಾಂಡಿನ ಅಧ್ಯಯನವನ್ನು ಮುಂದಿಡುವವರು, ಅಲ್ಲಿನ ರೋಗಿಗಳೆಲ್ಲ ಒಂದೇ ಆರೋಗ್ಯ ಸಂಸ್ಥೆಯ ದಾಖಲೆಯಲ್ಲಿ ಇದ್ದವರು ಎಂಬುದನ್ನು ಮರೆಯಬಾರದು. ನಮ್ಮವನ ಹೆಸರು ಯಾವ ಕಡತದಲ್ಲೂ ಇಲ್ಲ. ವೈದ್ಯರ ಕೈಗೆ ಅವನು ಸಿಕ್ಕಿರುವುದು ಈ ಒಂದು ಸಂಜೆ ಮಾತ್ರ, ಅದೂ ಮೊಣಕಾಲಿನ ನೆಪದಲ್ಲಿ.

ವಿರೋಧ: ದವಾಖಾನೆಯಲ್ಲೇ ಆರಂಭಿಸಬೇಕು

ಮೊದಲು ಆ 194ನ್ನೇ ಪ್ರಶ್ನಿಸಬೇಕು. ಮೆಟ್ಟಿಲು ಹತ್ತಿ ಬಂದವನ ತೋಳಿಗೆ, ಅಂಗಿಯ ಮೇಲೆಯೇ, ಅಳತೆಗೆ ಸಣ್ಣದಾದ ಪಟ್ಟಿ ಸುತ್ತಿ, ಮಾತನಾಡಿಸುತ್ತಲೇ ಅಳೆದರೆ ಅಂಕಿ ಏರುವುದು ಖಚಿತ. ಮೂತ್ರ ಕಟ್ಟಿಕೊಂಡು ಕೂತಿದ್ದರೂ ಏರುತ್ತದೆ. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ತೋಳು ಎದೆಯ ಮಟ್ಟದಲ್ಲಿ, ಮಾತಿಲ್ಲದ ಐದು ನಿಮಿಷ: ಇಷ್ಟಾದ ಮೇಲೆ ಎರಡೂ ತೋಳುಗಳಲ್ಲಿ ಅಳೆಯಬೇಕು. ಆಗಲೂ ಹೆಚ್ಚಿದ್ದರೆ ಅರ್ಧ ಗಂಟೆ ಸದ್ದಿಲ್ಲದ ಕಡೆ ಕೂರಿಸಿ ಮತ್ತೆ ನೋಡಬೇಕು. ಬರೀ ವಿಶ್ರಾಂತಿಯಿಂದಲೇ ಒತ್ತಡ ಗಣನೀಯವಾಗಿ ಇಳಿಯುವವರು ಸುಮಾರು ಮೂರರಲ್ಲಿ ಒಬ್ಬರು. ಕಿಕ್ಕಿರಿದ ತುರ್ತು ವಿಭಾಗದ ಬೆಂಚಿನಲ್ಲಿ ಈ ಶಾಂತಿ ಎಲ್ಲಿಂದ ಬರಬೇಕು?

ಆಮೇಲೆ ಕೇಳಬೇಕಾದ್ದನ್ನು ಕೇಳಬೇಕು. ಮೊಣಕಾಲಿಗೆ ಈಗ ಏನು ನುಂಗುತ್ತಿದ್ದಾನೆ? ಡೈಕ್ಲೊಫೆನಾಕ್‌ನಂಥ ನೋವಿನ ಗುಳಿಗೆಗಳು ಒತ್ತಡವನ್ನು ಏರಿಸುತ್ತವೆ, ಬಿ.ಪಿ. ಗುಳಿಗೆಯ ಬಲವನ್ನೂ ಕುಗ್ಗಿಸುತ್ತವೆ. ಹಿಂದೆ ಯಾರಾದರೂ ಬಿ.ಪಿ. ಗುಳಿಗೆ ಕೊಟ್ಟಿದ್ದರೆ? ಮುಗಿದ ಮೇಲೆ ಮತ್ತೆ ಕೊಳ್ಳದೆ ಬಿಟ್ಟನೆ? ಕನ್ನಡದಲ್ಲಿ ಕೇಳಿದರೆ ಹತ್ತು ನಿಮಿಷದಲ್ಲಿ ಹೊರಬೀಳುವ ಈ ಕಾರಣಗಳು, ಅವಸರದ ಹಿಂದಿಯಲ್ಲಿ ಕೇಳಿದರೆ ಒಳಗೇ ಉಳಿಯುತ್ತವೆ.

ಪರವಾದಿಗಳು ಹೇಳುವ ಪರೀಕ್ಷೆಗಳು ಬೇಕು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅವಕ್ಕೆ ತುರ್ತು ವಿಭಾಗವೇ ಬೇಕಿಲ್ಲ. ಮೂತ್ರವನ್ನು ಪರೀಕ್ಷಾ ಪಟ್ಟಿಯಿಂದ ಅಲ್ಲೇ ನೋಡಬಹುದು. ಇಸಿಜಿ ಮತ್ತು ರಕ್ತ ಪರೀಕ್ಷೆ ಅಕ್ಕಪಕ್ಕದ ಬೀದಿಯಲ್ಲಿ ಆಗುತ್ತವೆ. ಕಣ್ಣಿನ ತಪಾಸಣೆಯೊಂದು ಮಾತ್ರ ದವಾಖಾನೆಯ ಅಳವಿಗೆ ಮೀರಿದ್ದು, ಅದನ್ನು ಮರುದಿನವೇ ಕಣ್ಣಿನ ವೈದ್ಯರಲ್ಲಿ ಮಾಡಿಸಬೇಕು. ಇವುಗಳಲ್ಲಿ ಹೊಸ ಹಾನಿ ಕಂಡರೆ ನಾನೂ ಪರವಾದಿಗಳ ಜೊತೆಗೇ ನಿಲ್ಲುತ್ತೇನೆ.

ಹಾನಿ ಕಾಣದಿದ್ದಾಗ ಅವಸರವೇ ಅಪಾಯ. ವರ್ಷಗಟ್ಟಲೆ ಹೆಚ್ಚಿನ ಒತ್ತಡಕ್ಕೆ ಒಗ್ಗಿಹೋದ ಮೆದುಳಿನ ರಕ್ತನಾಳಗಳು ಆ ಎತ್ತರದಲ್ಲೇ ರಕ್ತದ ಹರಿವನ್ನು ಸರಿದೂಗಿಸಿಕೊಂಡಿರುತ್ತವೆ. ಒತ್ತಡವನ್ನು ಗಂಟೆಯೊಳಗೆ ಕೆಳಕ್ಕೆಳೆದರೆ, ಬೇರೆಯವರಿಗೆ ಸಹಜವಾದ ಮಟ್ಟದಲ್ಲೇ ಅವನ ಮೆದುಳಿಗೆ ರಕ್ತ ಸಾಲದಾಗುತ್ತದೆ. ಒತ್ತಡ ಇಳಿಸುವ ನಿಫೆಡಿಪಿನ್ ಕ್ಯಾಪ್ಸೂಲನ್ನು ಚುಚ್ಚಿ ನಾಲಿಗೆಯ ಕೆಳಗೆ ಹಿಂಡುವ ರೂಢಿ ಇದನ್ನು ಕಹಿಯಾಗಿ ಕಲಿಸಿತು. ಅದರಿಂದ ಪಾರ್ಶ್ವವಾಯು, ಹೃದಯಾಘಾತಗಳು ವರದಿಯಾದ ಮೇಲೆ 1996ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲೇ ಆ ರೂಢಿಗೆ ತಡೆ ಬೇಕೆಂಬ ದನಿ ಎದ್ದಿತು. ಅಂಕಿ ಇಳಿಸಿ ಮನೆಗೆ ಕಳಿಸುವ ಒತ್ತಾಯಕ್ಕೆ ಸಿಕ್ಕ ತುರ್ತು ವಿಭಾಗದಲ್ಲಿ ಇಂಥ ಆತುರ ಇಂದಿಗೂ ನುಸುಳಬಲ್ಲದು. 2025ರ ಅಮೆರಿಕದ ಮಾರ್ಗಸೂಚಿಯಂತೂ ಅಂಗಹಾನಿಯಿಲ್ಲದ ಈ ಸ್ಥಿತಿಗಿದ್ದ ‘ತುರ್ತು’ ಎಂಬರ್ಥದ ಹೆಸರನ್ನೇ ಕೈಬಿಟ್ಟು, ‘ತೀವ್ರ ರಕ್ತದೊತ್ತಡ’ ಎಂದಷ್ಟೇ ಕರೆಯಿತು.

ಇನ್ನು ಕ್ಲೀವ್‌ಲ್ಯಾಂಡ್. 2016ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಇಂಥ 58,535 ರೋಗಿಗಳಿದ್ದರು. ಆಸ್ಪತ್ರೆಗೆ ಹೋದವರು 426. ಅವರನ್ನು, ಅವರಂಥದೇ ಸ್ಥಿತಿಯಲ್ಲಿದ್ದು ಮನೆಗೆ ಹೋದ 852 ಜನರೊಂದಿಗೆ ಹೋಲಿಸಿದಾಗ, ಆರು ತಿಂಗಳಲ್ಲಿ ಹೃದಯ ಮತ್ತು ಮೆದುಳಿನ ಅವಘಡಗಳು ಎರಡೂ ಗುಂಪುಗಳಲ್ಲಿ ಶೇ. 0.9. ಅಲ್ಲಿನವರಿಗೆ ದಾಖಲೆಯ ಬೆಂಬಲ ಇತ್ತು ಎಂಬ ಆಕ್ಷೇಪ ನಿಜವೇ. ಆದರೆ ಆರು ತಿಂಗಳ ಬಳಿಕ ಆಸ್ಪತ್ರೆಗೆ ಹೋದವರಲ್ಲಿ ಶೇ. 66.6, ಮನೆಗೆ ಹೋದವರಲ್ಲಿ ಶೇ. 64.6 ಜನರ ಒತ್ತಡ ಇನ್ನೂ ಹತೋಟಿಗೆ ಬಂದಿರಲಿಲ್ಲ. ಆಸ್ಪತ್ರೆಯ ಒಂದು ರಾತ್ರಿ ಮುಂದಿನ ತಿಂಗಳುಗಳಿಗೆ ಏನನ್ನೂ ಉಳಿಸಲಿಲ್ಲ. ಮಾಜಿ ಸೈನಿಕರ ಅಧ್ಯಯನದಲ್ಲೂ ಅವಘಡಗಳನ್ನು ತಪ್ಪಿಸಿದ್ದು ತಿಂಗಳಾನುಗಟ್ಟಲೆ ನುಂಗಿದ ಗುಳಿಗೆಗಳೇ ಹೊರತು ಒಂದು ರಾತ್ರಿಯ ಚುಚ್ಚುಮದ್ದಲ್ಲ.

ಆದ್ದರಿಂದ ನಮ್ಮವನಿಗೆ ಡೈಕ್ಲೊಫೆನಾಕ್ ನಿಲ್ಲಿಸಿ, ಆ ಸಂಜೆಯೇ ಆಮ್ಲೊಡಿಪಿನ್ ಎಂಬ ಬಿ.ಪಿ. ಗುಳಿಗೆ ಆರಂಭಿಸಿ, ಕ್ರಿಯೇಟಿನಿನ್ ವರದಿ ನೋಡಿ ಟೆಲ್ಮಿಸಾರ್ಟನ್‌ನಂಥ ಎರಡನೆಯದನ್ನು ಕೂಡಿಸಬೇಕು. ಆಮ್ಲೊಡಿಪಿನ್ನಿನ ಪೂರ್ಣ ಪರಿಣಾಮಕ್ಕೆ ಸುಮಾರು ಒಂದು ವಾರ ಬೇಕು. ಮೂರನೆಯ ದಿನ 176 ಇದ್ದರೆ ಗಾಬರಿಗೆ ಕಾರಣವಿಲ್ಲ. 140/90ಕ್ಕಿಂತ ಕೆಳಗೆ ತರಲು ವಾರಗಳ ಅವಧಿಯಿದೆ. ಎದೆನೋವು, ಏದುಸಿರು, ಮಾತಿನ ತೊದಲು, ಕಣ್ಣು ಮಸುಕು ಬಂದರೆ ಕಾಯದೆ ಸಾಯನ್ನಿಗೆ ಹೋಗಬೇಕೆಂದು ಅವನಿಗೂ, ಅವನ ಕೋಣೆಯ ಜೊತೆಗಾರನಿಗೂ ಹೇಳಿರಬೇಕು.

ಅವನು ಮರಳಿ ಬಾರದೆ ಹೋದರೆ ಎಂಬ ಪ್ರಶ್ನೆ ಮಾತ್ರ ನನ್ನನ್ನೂ ಕಾಡುತ್ತದೆ. 2017ರಲ್ಲಿ ಆರಂಭವಾದ ಭಾರತ ರಕ್ತದೊತ್ತಡ ನಿಯಂತ್ರಣ ಯೋಜನೆ ಮಹಾರಾಷ್ಟ್ರವೂ ಸೇರಿದಂತೆ ಐದು ರಾಜ್ಯಗಳಲ್ಲಿ ಮೊದಲು ಹಿಡಿದ ದಾರಿ ಇದಕ್ಕೇ ಉತ್ತರವಾಗಿತ್ತು: ಸರಳವಾದ ಒಂದೇ ಚಿಕಿತ್ಸಾಕ್ರಮ, ತಪ್ಪದ ಗುಳಿಗೆ ಪೂರೈಕೆ, ಬಾರದವರನ್ನು ಕರೆದು ತರುವ ದಾಖಲೆ. ಖಾಸಗಿ ದವಾಖಾನೆಗೂ ಒಂದು ನೋಟುಪುಸ್ತಕ, ಒಂದು ಫೋನು ಸಾಕು. ಕಾರ್ಮಿಕ ಒಪ್ಪಿದರೆ ಹೋಟೆಲಿನ ಮ್ಯಾನೇಜರರ ನಂಬರನ್ನೂ ಅದರಲ್ಲಿ ಬರೆದಿಡಬಹುದು. ಸಾಮಾನ್ಯವಾಗಿ ನಮ್ಮ ದವಾಖಾನೆಗಳು ತೆರೆದಿರುವುದು ಬೆಳಿಗ್ಗೆ ಮತ್ತು ಸಂಜೆ, ಹೋಟೆಲಿನ ಒಲೆಗಳು ಉರಿಯುವ ಹೊತ್ತಿನಲ್ಲೇ. ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಅಡುಗೆಯವರಿಗೆ ಬಿಡುವಿರುತ್ತದೆ. ವಾರಕ್ಕೊಂದು ಬುಧವಾರ ಆ ಒಂದು ತಾಸು ಬಾಗಿಲು ತೆರೆದಿಟ್ಟರೆ, ಅವನು ಏಪ್ರನ್ ಬಿಚ್ಚಿಟ್ಟು ಬಂದು, ಅಳತೆ ಕೊಟ್ಟು, ಸಂಜೆಯ ದೋಸೆ ಹಿಟ್ಟಿನ ಹೊತ್ತಿಗೆ ಮರಳಬಹುದು.