ಒಂದು ಕಣ್ಣು ಹೊಡೆಯೋಕೆ ಮೂರು ಕೋಟಿ ಡಾಲರ್

ಭಾನುವಾರ ಪೂರ್ತಿ ಒಂದೇ ಸಿನಿಮಾಕ್ಕೆ ಹೋಯಿತು. ಈಜಿಪ್ಟಿನ ರಾಣಿಯ ಕಥೆ ಹೇಳುವ 1963ರ ಹಾಲಿವುಡ್ ಸಿನಿಮಾ 'ಕ್ಲಿಯೋಪಾತ್ರ'. ನಾಲ್ಕು ಗಂಟೆ ಮಾರಾಯ್ರೇ! ನಡುವೆ ಎರಡು ಕಾಫಿ, ಒಂದು ಊಟ, ಅವಳ ಪ್ರಿಯಕರ, ರೋಮ್‌ನ ಸೇನಾಪತಿ ಆಂಟನಿ ಕುಡಿದು ಕೊರಗುವಾಗ ಸಣ್ಣದೊಂದು ನಿದ್ದೆ.

ಸಿನಿಮಾದ ಕಥೆಗಿಂತ ಅದನ್ನು ತೆಗೆದ ಕಥೆಯೇ ಜಾಸ್ತಿ ಪ್ರಸಿದ್ಧ. 1960ರಲ್ಲಿ ಲಂಡನ್ ಹತ್ತಿರದ ಪೈನ್‌ವುಡ್ ಸ್ಟುಡಿಯೋದಲ್ಲಿ ಅವಳ ರಾಜಧಾನಿ ಅಲೆಕ್ಸಾಂಡ್ರಿಯಾದ ಸೆಟ್ ಹಾಕಿದರು. ಈಜಿಪ್ಟಿನ ಬಿಸಿಲು ಬೇಕು, ಅಲ್ಲಿದ್ದದ್ದು ಇಂಗ್ಲೆಂಡಿನ ಮಳೆ. ಕ್ಲಿಯೋಪಾತ್ರ ಆಗಿದ್ದ ಎಲಿಜಬೆತ್ ಟೇಲರ್‌ಗೆ ನ್ಯುಮೋನಿಯಾ ಆಗಿ, ಉಸಿರಾಡಲು ಗಂಟಲಲ್ಲಿ ತೂತು ಮಾಡಬೇಕಾಯಿತು. ನಿರ್ದೇಶಕರೇ ಬದಲಾದರು. ಎಲ್ಲ ಬಿಟ್ಟು ರೋಮ್‌ನಲ್ಲಿ ಮತ್ತೆ ಮೊದಲಿಂದ ಶುರು. ಇಪ್ಪತ್ತು ಲಕ್ಷ ಡಾಲರ್ ಅಂದುಕೊಂಡದ್ದು ಮೂರು ಕೋಟಿ ದಾಟಿತು. ಆ ವರ್ಷ ಅತಿ ಹೆಚ್ಚು ಗಳಿಸಿದ್ದೂ ಇದೇ, ಇದನ್ನು ತೆಗೆದ ಫಾಕ್ಸ್ ಕಂಪನಿಯನ್ನು ದಿವಾಳಿಯ ಬಾಗಿಲಿಗೆ ತಂದದ್ದೂ ಇದೇ. ಲಂಡನ್ನಿನಲ್ಲಿ ಉಳಿದ ಸೆಟ್‌ನಲ್ಲಿ ಬೇರೆಯವರು ಇದನ್ನೇ ಅಣಕಿಸುವ ಕಾಮಿಡಿ ತೆಗೆದರು!

ಆ ದುಡ್ಡು ತೆರೆ ಮೇಲೆ ಕಾಣುತ್ತಾ? ಕಾಣುತ್ತೆ. ಕ್ಲಿಯೋಪಾತ್ರ ರೋಮ್‌ಗೆ ಬರುವ ದೃಶ್ಯ ನೋಡಿ. ಕುದುರೆ, ಬಿಲ್ಲುಗಾರರು, ಕುಣಿಯುವವರು, ಬಣ್ಣದ ಹೊಗೆ. ಕೊನೆಗೆ ಸಾಲು ಸಾಲು ಆಳುಗಳು ಎಳೆದು ತರುವ ಕಪ್ಪು ಸ್ಫಿಂಕ್ಸ್ (ಸಿಂಹದ ಮೈ, ಮನುಷ್ಯರ ಮುಖದ ದೊಡ್ಡ ಮೂರ್ತಿ). ಅದರ ಮೇಲೆ ಮಗನ ಜೊತೆ, ಚಿನ್ನದ ಉಡುಪಿನಲ್ಲಿ ಇವಳು. ಗ್ರಾಫಿಕ್ಸ್ ಕಾಲದ ಗುಂಪಲ್ಲ, ನಿಜವಾದ ಜನ. ಸ್ಫಿಂಕ್ಸ್ ಹಾದು ಬರುವ ಕಮಾನು ರೋಮ್‌ನ ಚಕ್ರವರ್ತಿ ಕಾನ್‌ಸ್ಟಂಟೈನನದ್ದರ ಹಾಗಿದೆ. ಅಸಲಿ ಕಮಾನು ಕಟ್ಟಿದ್ದು ಇವಳು ಸತ್ತು ಮುನ್ನೂರು ವರ್ಷ ದಾಟಿದ ಮೇಲೆ. ಇರಲಿ ಬಿಡಿ. ಅವಳು ಇಳಿದು ಬಂದು ರೋಮ್ ಆಳುವ ಸೀಸರನಿಗೆ ತಲೆ ಬಾಗುತ್ತಾಳೆ. ಊರಿಗೆ ಊರೇ ಸುಮ್ಮನಾಗಿದೆ. ತಲೆ ಎತ್ತಿದವಳೇ ಅವನಿಗೆ ಕಣ್ಣು ಹೊಡೆಯುತ್ತಾಳೆ. 'ಹೇಗಿತ್ತು ನನ್ನ ಆಟ?' ಅಂತ ಕೇಳಿದ ಹಾಗೆ.

ನನಗೆ ಇಡೀ ಸಿನಿಮಾದಲ್ಲಿ ಇಷ್ಟವಾದದ್ದು ಅದೇ. ನಿರ್ದೇಶಕ ಮ್ಯಾಂಕಿವಿಚ್ ಮಾತಿನ ಮನುಷ್ಯ. ರೆಕ್ಸ್ ಹ್ಯಾರಿಸನ್‌ನ ಸೀಸರ್ ಮತ್ತು ಇವಳು ಒಂದು ಕೋಣೆಯಲ್ಲಿ ಕೂತು ಒಬ್ಬರ ಕಾಲು ಒಬ್ಬರು ಎಳೆಯುವಾಗ ಸಿನಿಮಾಕ್ಕೆ ಜೀವ ಬರುತ್ತದೆ. ಅವಳ ರೂಪಕ್ಕಿಂತ ಮಾತೇ ಜನರನ್ನು ಸೆಳೆಯುತ್ತಿತ್ತು ಅಂತ ಹಳೇ ಕಾಲದ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿದ್ದಾನೆ. ಸಿನಿಮಾದವರಿಗೆ ಆ ಮಾತಿನ ಮೇಲೆ ನಂಬಿಕೆ ಸಾಲಲಿಲ್ಲವೇನೋ, 65 ಉಡುಪು ತೊಡಿಸಿದ್ದಾರೆ. ಬದನೆಕಾಯಿ ಹೆಚ್ಚುತ್ತಾ ಕೂತಿದ್ದ ಅಮ್ಮ ಕೇಳಿದರು: "ಇಷ್ಟೊಂದು ಬಟ್ಟೆ ಬದಲಾಯಿಸ್ತಾಳಲ್ಲ, ರಾಜ್ಯ ಯಾವಾಗ ಆಳ್ತಾಳೆ?"

ಸೀಸರ್ ಹೋದ ಮೇಲೆ ಸಿನಿಮಾ ಜಗ್ಗುತ್ತದೆ. ಆಕ್ಟಿಯಮ್ ಸಮುದ್ರಯುದ್ಧಕ್ಕೆ ಹಡಗು, ಬೆಂಕಿ ಎಲ್ಲ ಇದೆ. ತನ್ನ ಸೈನಿಕರನ್ನೇ ಬಿಟ್ಟು ಅವಳ ಹಡಗಿನ ಹಿಂದೆ ಹೋಗುವ ಆಂಟನಿ ಮೇಲೆ ಮಾತ್ರ ನನಗೆ ಕನಿಕರ ಹುಟ್ಟಲಿಲ್ಲ, ಸಿಟ್ಟು ಬಂತು. ತಪ್ಪು ಆಂಟನಿಯಾದ ರಿಚರ್ಡ್ ಬರ್ಟನ್‌ದಲ್ಲ ಅನಿಸುತ್ತೆ. ಮ್ಯಾಂಕಿವಿಚ್‌ಗೆ ಮೂರು ಮೂರು ಗಂಟೆಯ ಎರಡು ಸಿನಿಮಾ ಮಾಡುವ ಆಸೆಯಿತ್ತು. ಕಂಪನಿಯವರು ಒಪ್ಪದೆ ಕತ್ತರಿ ಹಾಕಿಸಿದರು. ಆಂಟನಿ ಯಾಕೆ ಹಾಗಾದ ಅನ್ನುವುದು ಆ ಕತ್ತರಿಗೇ ಸಿಕ್ಕಿತೇನೋ.

ನೋಡುವವರು ಎರಡು ದಿನ ಮಾಡಿಕೊಂಡು ನೋಡಿ. ಇಂಟರ್‌ವಲ್ ಸೀಸರನ ಕೊಲೆ ಆದ ಮೇಲೆ ಬರುತ್ತೆ. ಅಲ್ಲಿಗೇ ಎದ್ದು ಹೋದರೂ ನಾನೇನೂ ಬೇಜಾರು ಮಾಡಿಕೊಳ್ಳಲ್ಲ.